ಸಣ್ಣ ಗ್ರಾಂಟು, ಒಂದೇ ರಸ್ತೆ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಇತಿಹಾಸದ ಎಂ.ಎ. ಮಾಡುತ್ತಿದ್ದಾಗ ವಿದ್ಯಾರ್ಥಿಗಳಿಗೆಂದೇ ಇದ್ದ ಸಣ್ಣ ಗ್ರಾಂಟೊಂದಕ್ಕೆ ಅರ್ಜಿ ಹಾಕಿದ್ದೆ. ಸಾವಿರ ಡಾಲರ್ ಚಿಲ್ಲರೆ. ಕಪ್ಪು ಜನರ ಬದುಕಿನ ಮೇಲೆ ಡಿಜಿಟಲ್ ಕೆಲಸವಾಗಿರಬೇಕು, ವರ್ಷದೊಳಗೆ ಮುಗಿಯಬೇಕು. ಅಷ್ಟು ದುಡ್ಡಿಗೆ ಅಮೆರಿಕದ ಇಡೀ ದಕ್ಷಿಣ ಭಾಗದ ಚರಿತ್ರೆ ಬರೆಯುತ್ತೇನೆ ಅಂದರೆ ಯಾರೂ ನಂಬುವುದಿಲ್ಲ. ನಾನು ಒಂದೇ ರಸ್ತೆ ಹಿಡಿದೆ: ಡರ್ಹಮ್ ಊರಿನಲ್ಲಿ ಕಪ್ಪು ಜನರೇ ಕಟ್ಟಿಕೊಂಡಿದ್ದ ಹೇಟೈ ಬಡಾವಣೆಯ ಪೆಟಿಗ್ರೂ ಸ್ಟ್ರೀಟ್.

ಅಲ್ಲಿದ್ದ ಬಿಲ್ಟ್‌ಮೋರ್ ಹೋಟೆಲಿನ ಹೆಸರು ‘ಗ್ರೀನ್ ಬುಕ್’ನಲ್ಲಿದೆ. ವರ್ಣಭೇದದ ಕಾಲದಲ್ಲಿ ಕಪ್ಪು ಪ್ರಯಾಣಿಕರಿಗೆ ಯಾವ ಊರಲ್ಲಿ ಅವಮಾನವಿಲ್ಲದೆ ರೂಮು, ಊಟ, ಪೆಟ್ರೋಲು ಸಿಗುತ್ತದೆ ಎಂದು ಹೇಳುತ್ತಿದ್ದ ಕೈಪಿಡಿ ಅದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಪೋಸ್ಟ್‌ಮ್ಯಾನ್ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ಶುರುಮಾಡಿದ್ದು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಅದರ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಹಾಗಾಗಿ ಮಾಹಿತಿಗೆ ಬಿಡಿಗಾಸು ಖರ್ಚಾಗಲಿಲ್ಲ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಕೂಡ ಪುಕ್ಕಟೆ.

ತೊಡಕು ಬಂದದ್ದು ವಿಳಾಸಗಳಲ್ಲಿ. ಹಳೆಯ ನಂಬರು ಹಾಕಿದರೆ ಇಂದಿನ ಮ್ಯಾಪು ಎಲ್ಲೆಲ್ಲೋ ಚುಕ್ಕೆ ಇಡುತ್ತಿತ್ತು. ನಗರ ನವೀಕರಣದ ಹೆಸರಲ್ಲಿ ಹೇಟೈಯ ಬಹುಭಾಗವನ್ನು ಕೆಡವಿ, ನಡುವೆ ಡರ್ಹಮ್ ಫ್ರೀವೇ ಎಳೆದಿದ್ದಾರೆ. ಅಂಗಡಿ ಇದ್ದಲ್ಲಿ ಈಗ ಕಾರು ಓಡುತ್ತದೆ. ಆಗ ಕೈಹಿಡಿದದ್ದು ಬೆಂಕಿ ವಿಮೆಯವರಿಗಾಗಿ ತಯಾರಿಸಿದ ಸ್ಯಾನ್‌ಬಾರ್ನ್ ನಕ್ಷೆಗಳು. ಒಂದೊಂದು ಕಟ್ಟಡವೂ ಅದರಲ್ಲಿದೆ: ಗುಲಾಬಿ ಬಣ್ಣವಿದ್ದರೆ ಇಟ್ಟಿಗೆಯದು, ಹಳದಿಯಿದ್ದರೆ ಮರದ್ದು, ‘ಡಿ’ ಅಂದರೆ ವಾಸದ ಮನೆ, ‘ಎಸ್’ ಅಂದರೆ ಅಂಗಡಿ. ಈಗಲೂ ಉಳಿದಿರುವ ಸೇಂಟ್ ಜೋಸೆಫ್ ಚರ್ಚು, ರೈಲು ಹಳಿ ಇಂಥವನ್ನು ಗುರುತಿಟ್ಟುಕೊಂಡು ಆ ಹಾಳೆಗಳನ್ನು ಇಂದಿನ ನಕ್ಷೆಯ ಮೇಲೆ ಕೂರಿಸಿದೆ. ಬೇಸರದ ಕೆಲಸ, ಆದರೆ ಚುಕ್ಕೆಗಳು ತಮ್ಮ ಜಾಗಕ್ಕೆ ಬಂದವು.

ಊರವರ ಹೆಸರು, ವಿಳಾಸಗಳ ಪಟ್ಟಿಯಿರುವ ಹಳೆಯ ನಗರ ಡೈರೆಕ್ಟರಿಗಳನ್ನೂ ನೋಡಿದೆ. ದಕ್ಷಿಣದ ಎಷ್ಟೋ ಡೈರೆಕ್ಟರಿಗಳಲ್ಲಿ ಕಪ್ಪು ಜನರ ಹೆಸರಿಗೆ ನಕ್ಷತ್ರವನ್ನೋ ‘ಕಲರ್ಡ್’ ಎನ್ನುವುದರ ‘ಸಿ’ ಅಕ್ಷರವನ್ನೋ ಅಂಟಿಸುತ್ತಿದ್ದರು. ಅದನ್ನು ನನ್ನ ಪಟ್ಟಿಯಲ್ಲಿ ಬೇರೆ ಕಾಲಮ್ಮಿನಲ್ಲಿ ದಾಖಲಿಸಿದೆ, ನಕ್ಷೆಯಲ್ಲಿ ತೋರಿಸಲಿಲ್ಲ. ಸಂಶೋಧಕರಿಗೆ ಅದು ಬೇಕು. ತಾತನ ಹೆಸರು ಹುಡುಕಿಕೊಂಡು ಬರುವ ಮೊಮ್ಮಗಳಿಗೆ ಎದುರಾಗಬೇಕಿಲ್ಲ.

ದುಡ್ಡು ಹೋದದ್ದೆಲ್ಲ ಮನುಷ್ಯರಿಗೆ. ಹೇಟೈಯಲ್ಲಿ ಬೆಳೆದ ಹಿರಿಯರ ಮಾತು ರೆಕಾರ್ಡ್ ಮಾಡಿಕೊಂಡೆ, ಒಬ್ಬೊಬ್ಬರಿಗೂ ಗೌರವಧನ ಇಟ್ಟಿದ್ದೆ. ಒಬ್ಬ ಅಜ್ಜಿ ಪ್ರಿಂಟಿನ ಮೇಲೆ ಬೆರಳಿಟ್ಟು, ‘ಈ ಕ್ಷೌರದಂಗಡಿ ಬಾಗಿಲು ಇತ್ತ ಕಡೆ ಅಲ್ಲಪ್ಪ, ಪಕ್ಕದ ಗಲ್ಲಿಗೆ’ ಅಂದರು. ಅಂಥದ್ದು ಯಾವ ಹಾಳೆಯಲ್ಲೂ ಇರಲಿಲ್ಲ. ಲೆಕ್ಕಪತ್ರದ ಕಚೇರಿಗೆ ಮಾತ್ರ ಇದು ತಲೆನೋವು. ಲ್ಯಾಪ್‌ಟಾಪ್ ಕೊಂಡಿದ್ದರೆ ಒಂದು ರಸೀದಿ ಸಾಕಿತ್ತು. ಎಂಬತ್ತು ದಾಟಿದವರಿಗೆ ಐವತ್ತು ಡಾಲರ್ ಕೊಡಲು ತೆರಿಗೆ ಫಾರಂ, ಸಹಿ, ಮತ್ತೊಂದು ಸಹಿ! ಅರ್ಜಿ ಹಾಕುವ ಮೊದಲೇ ಹೋಗಿ ಹಣ ಕೊಡುವ ದಾರಿ ಕೇಳಿಕೊಂಡಿದ್ದರಿಂದ ಬಚಾವಾದೆ.

ವೆಬ್‌ಸೈಟನ್ನು ಬರೀ ಎಚ್‌ಟಿಎಂಎಲ್ ಪುಟಗಳಲ್ಲೇ, ಅಂದರೆ ಹಿಂದೆ ಬೇರೆ ಪ್ರೋಗ್ರಾಮು ಓಡಬೇಕಿಲ್ಲದ ಸರಳ ಫೈಲುಗಳಲ್ಲೇ ಕಟ್ಟಿದೆ. ಗ್ರಾಂಟು ಮುಗಿದ ಮೇಲೆ ಹೋಸ್ಟಿಂಗ್ ಬಾಡಿಗೆ ಕಟ್ಟುವವರು ಯಾರೂ ಇರುವುದಿಲ್ಲ. ಇಂಥ ಪುಟಗಳನ್ನಾದರೆ ಲೈಬ್ರರಿಯವರು ಹಾಗೇ ಇಟ್ಟುಕೊಳ್ಳುತ್ತಾರೆ. ಧ್ವನಿಮುದ್ರಣದ ಒಂದೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಆಯಾ ಮನೆಗೆ ಹೋಯಿತು.