ಫ್ರಿಜ್ಜಿಲ್ಲದ ಇಕೋದಲ್ಲಿ ಒಬ್ಬನೇ: ರಾತ್ರಿಯಿಂದ ಹಿಂದಕ್ಕೆ ಹಾಕಿದ ಪ್ಲಾನು

ನನ್ನದು ಒಳಗೇ ಮಲಗಿ ಊರೂರು ಸುತ್ತುವ ಮಾರುತಿ ಇಕೋ ವ್ಯಾನು. ಫ್ರಿಜ್ ಇಲ್ಲ, ಇನ್ವರ್ಟರ್ ಇಲ್ಲ, ಮೇಲೆ ಸೋಲಾರ್ ಇಲ್ಲ. ಗೋಕುಲ ರೋಡಿನ ಗ್ಯಾರೇಜಿನವರಿಗೂ, ಲಕ್ಷಗಟ್ಟಲೆ ಸುರಿದು ವ್ಯಾನ್ ಕಟ್ಟಿಸಿಕೊಂಡ ಗೆಳೆಯರಿಗೂ ಇದು ನಂಬಿಕೆಯಾಗಲಿಲ್ಲ. "ಏಪ್ರಿಲ್ ಬಿಸಿಲಾಗ ಇದು ಗದಗ ದಾಟೂದಿಲ್ಲ ನೋಡ್ರಿ" ಅಂದರು. ದಾಟಿತು. ಹುಬ್ಬಳ್ಳಿಯಿಂದ ಹೊರಟು ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ, ಸವಣೂರು, ಹಾವೇರಿ, ಗಳಗನಾಥ, ಹಾನಗಲ್, ಬಂಕಾಪುರ ಸುತ್ತಿ ಬರುವ ನಾಲ್ಕುನೂರು ಚಿಲ್ಲರೆ ಕಿ.ಮೀ. ಹಾದಿ ಈಗ ಕೈಗೆ ಕುಳಿತಿದೆ. ವ್ಯಾನ್ ಕಟ್ಟುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮೊದಲಿನಿಂದ ಹೇಳುವುದಿಲ್ಲ. ಪ್ಲಾನು ಎಲ್ಲಿ ಗಟ್ಟಿಯಾಯಿತು, ರೊಕ್ಕ ಎಲ್ಲಿ ಹೋಯಿತು, ಯಾವುದು ಯಾಕೆ ಕೆಟ್ಟಿತು, ಅಷ್ಟನ್ನು ಹೇಳುತ್ತೇನೆ.

ಬಹಳ ಜನ ನೋಡುವ ಊರು ಬರೆದುಕೊಂಡು, ಕಿ.ಮೀ. ಕೂಡಿಸಿ, ದಿನಕ್ಕಿಷ್ಟು ಎಂದು ಭಾಗಿಸುತ್ತಾರೆ. ನಾಲ್ಕು ಜನ ಇದ್ದರೆ ಅದು ನಡೆಯುತ್ತದೆ. ಒಬ್ಬನೇ ಹೋಗುವಾಗ ಸ್ಟೇರಿಂಗ್ ಹಿಡಿಯಲು ಎರಡನೆಯವನಿಲ್ಲ, ಕತ್ತಲಲ್ಲಿ ಕೆಳಗಿಳಿದು "ಬರ್ಲಿ, ಬರ್ಲಿ" ಎಂದು ರಿವರ್ಸ್ ತೋರಿಸುವವನೂ ಇಲ್ಲ. ಹಾಗಾಗಿ ನಾನು ಮೊದಲು ಬರೆಯುವುದು ರಾತ್ರಿ ನಿಲ್ಲುವ ಜಾಗ. ಒಂದು ರಾತ್ರಿಗೆ ಎರಡು ಜಾಗ, ಎರಡನೆಯದು ಮೊದಲನೆಯದರಿಂದ 20 ಕಿ.ಮೀ. ಒಳಗೆ. ಮೊದಲನೆಯದನ್ನು ಸಂಜೆ ಐದೂವರೆ ಒಳಗೆ ಮುಟ್ಟಬೇಕು. ಹಿಡಿಸದಿದ್ದರೆ ಬೆಳಕಿರುವಾಗಲೇ ಎರಡನೆಯದಕ್ಕೆ ಹೋಗಬಹುದು. ಇಷ್ಟು ನಿಗದಿಯಾದರೆ ದಿನದ ಓಟ ತಾನಾಗಿಯೇ 80ರಿಂದ 100 ಕಿ.ಮೀ.ಗೆ ಇಳಿಯುತ್ತದೆ.

ಜಾಗ ನೋಡುವಾಗ ನಾನು ಕೇಳಿಕೊಳ್ಳುವುದು: ಡಾಂಬರು ಎಷ್ಟು ಹೆಜ್ಜೆ ದೂರ, ಕಾಲಡಿಯ ಮಣ್ಣು ಯಾವುದು, ರಾತ್ರಿಯೆಲ್ಲ ಒಂದು ದೀಪ ಇರುತ್ತದೆಯೇ, ಸಂಡಾಸ ಎಲ್ಲಿದೆ, ಮೊಬೈಲಿಗೆ ಸಿಗ್ನಲ್ ಇದೆಯೇ. ಪೆಟ್ರೋಲ್ ಬಂಕು ಈ ಎಲ್ಲದಕ್ಕೂ ಪಾಸು. ಆದರೆ ಸಂಜೆಯ ಮ್ಯಾನೇಜರ್ "ಹೂಂ" ಅಂದರೆ ಸಾಲದು, ರಾತ್ರಿ ಪಾಳಿಯವನಿಗೂ ಮುಖ ತೋರಿಸಿ ಹೇಳಿ ಮಲಗಬೇಕು. ಇಲ್ಲದಿದ್ದರೆ ಹನ್ನೆರಡು ಗಂಟೆಗೆ ಗಾಜು ಬಡಿಯುತ್ತಾರೆ. ಪೆಟ್ರೋಲನ್ನು ಅಲ್ಲೇ, ಬೆಳಿಗ್ಗೆ ಹೊರಡುವಾಗ ಹಾಕಿಸಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಧಾಬಾಗಳೂ ಸರಿ, ಆದರೆ ಲಾರಿಗಳ ಸಾಲಿನಲ್ಲಿ ನಿಲ್ಲಬೇಡಿ. ಬೆಳಗಿನ ನಾಲ್ಕಕ್ಕೆ ಏರ್ ಬ್ರೇಕು, ಎಂಜಿನ್ನು ಎಲ್ಲ ಒಟ್ಟಿಗೆ ಶುರುವಾಗುತ್ತವೆ, ಹೊಗೆ ಸೀದಾ ನಿಮ್ಮ ಕಿಟಕಿಗೆ. ಹಳ್ಳಿಯ ಗುಡಿಯ ಮುಂದೆ ನಿಲ್ಲುವುದಾದರೆ ಮೊದಲು ಪೂಜಾರಿಯನ್ನು ಕೇಳಿ, ಆಮೇಲೆ ಹತ್ತಿರದ ಅಂಗಡಿಯಲ್ಲಿ ಚಹಾ ಕುಡಿಯಿರಿ. ಅರ್ಧ ತಾಸಿನಲ್ಲಿ ನೀವು ಯಾರು ಎಂಬುದು ಊರಿಗೆ ಗೊತ್ತಾಗಿರುತ್ತದೆ, ಅದೇ ದೊಡ್ಡ ಕಾವಲು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಒಳಗೆ ರಾತ್ರಿ ತಂಗುವ ಮಾತೇ ಬೇಡ. ತಪ್ಪಲಿನಲ್ಲಿ ನನ್ನವು ಎರಡು ಜಾಗಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವಾರವೇ ಪ್ಲಾಸ್ಟಿಕ್ ರಾಶಿ ಬೀಳುತ್ತದೆ.

ಮಣ್ಣಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಡೆ ವ್ಯಾನ್ ಪ್ರಯಾಣ ಕೆಡುವುದು ಎಂಜಿನ್ನಿನಿಂದ ಅಲ್ಲ, ಎರಿಯಿಂದ, ಅಂದರೆ ಕಪ್ಪು ಮಣ್ಣಿನಿಂದ. ಅಣ್ಣಿಗೇರಿ, ನವಲಗುಂದ, ನರಗುಂದದ ಸುತ್ತ ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಿಮೆಂಟಿನಷ್ಟು ಗಟ್ಟಿ ಕಾಣುತ್ತದೆ. ಸಂಜೆ ಒಂದು ಅಡ್ಡಮಳೆ ಬಿದ್ದರೆ ಸಾಕು, ಮೇಲಿನ ಎರಡು ಇಂಚು ಅಂಟಾಗಿ ಟಯರಿನ ಗೆರೆಗಳನ್ನೆಲ್ಲ ತುಂಬಿಬಿಡುತ್ತದೆ. ಇಕೋ ಹಿಂದಿನ ಚಕ್ರದಿಂದ ಓಡುವ ಗಾಡಿ, ಒಬ್ಬನೇ ಇದ್ದರೆ ಹಿಂದೆ ಭಾರವೂ ಕಡಿಮೆ. ನಿಂತಲ್ಲೇ ತಿರುಗಿ ಕುಣಿ ತೋಡುತ್ತದೆ. ಗದಗ ದಾಟಿ ಡಂಬಳ, ಶಿರಹಟ್ಟಿ ಕಡೆ ಹೋದಂತೆ ಮಸಾರಿ (ಕೆಂಪು ಮಣ್ಣು) ಮತ್ತು ಗರಸು (ಕಲ್ಲುಮಿಶ್ರಿತ ಮಣ್ಣು) ಸಿಗುತ್ತವೆ. ಅಲ್ಲಿ ರಾತ್ರಿ ಮಳೆಯಾದರೂ ಬೆಳಿಗ್ಗೆ ಹೊರಡಬಹುದು. ಹಾಗಾಗಿ ಯುಗಾದಿ ಮುಗಿದ ಮೇಲೆ ಎರಿಯಲ್ಲಿ ಒಂದು ರಾತ್ರಿಯನ್ನೂ ಇಡುವುದಿಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಹಗಲೇ ನೋಡಿ ಮುಂದೆ ಹೋಗುತ್ತೇನೆ. ನಿಲ್ಲುವ ಮುಂಚೆ ಉದ್ದನೆಯ ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತಿ ನೋಡಿ. ಹಿಡಿಯವರೆಗೆ ಇಳಿದರೆ ಜಾಗ ಬಿಡಿ. ಗಾಡಿಯ ಮೂತಿ ಯಾವಾಗಲೂ ಡಾಂಬರಿನ ಕಡೆ.

ಸಿಕ್ಕಿಕೊಂಡರೆ ಆಕ್ಸಿಲರೇಟರ್ ತುಳಿಯಬೇಡಿ. ಹಿಂದಿನ ಎರಡು ಟಯರಿನ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ, ಅವುಗಳ ಮುಂದಿನ ಅಂಟು ಕೆರೆದು ಗೋಣಿಚೀಲ ತುರುಕಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಬಿಡಿ. ಹಳೆ ಕನ್ವೇಯರ್ ಬೆಲ್ಟಿನ ನಾಲ್ಕು ಅಡಿಯ ಎರಡು ತುಂಡು ಗುಜರಿಯಲ್ಲಿ ಮುನ್ನೂರಕ್ಕೋ ಏನೋ ಸಿಕ್ಕವು, ಅವು ಗೋಣಿಗಿಂತ ಮೇಲು. ಜಾಕಿನ ಕೆಳಗೆ ಒಂದು ಅಡಿ ಚೌಕದ ದಪ್ಪ ಹಲಗೆ ಬೇಕೇ ಬೇಕು. ಅದಿಲ್ಲದಿದ್ದರೆ ಗಾಡಿ ಏಳುವುದಿಲ್ಲ, ಜಾಕೇ ಹೂತುಹೋಗುತ್ತದೆ. ಡಾಂಬರು ಸೇರಿದ ಮೇಲೆ 12 ವೋಲ್ಟಿನ ಪಂಪಿನಿಂದ ಗಾಳಿ ತುಂಬಿಸಿಕೊಂಡೇ ಹೊರಡಿ.

ಇನ್ನು ಕರೆಂಟು. ಸುಗ್ಗಿಯ ಹೊತ್ತಿಗೆ ಮನೆಮನೆಯಲ್ಲಿ ಮಾಡುವ ಲೆಕ್ಕವೇ ಇದು, ಬಂದದ್ದೆಷ್ಟು, ತಿಂದದ್ದೆಷ್ಟು. ನನ್ನ ಒಂದು ರಾತ್ರಿಯ ಖರ್ಚು: 15 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಮೋಟಾರಿನ) ಫ್ಯಾನು ಒಂಬತ್ತು ತಾಸು, ಎಲ್‌ಇಡಿ ನಾಲ್ಕು ತಾಸು, ಫೋನು, ಕ್ಯಾಮೆರಾ. ಎಲ್ಲ ಸೇರಿ 200 ವ್ಯಾಟ್-ಅವರ್ ಒಳಗೆ. 50 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 640 ವ್ಯಾಟ್-ಅವರ್ ಇರುತ್ತದೆ, ಶೇ. 80ರಷ್ಟು ಬಳಸಿದರೂ ಎರಡು ರಾತ್ರಿ ಧಾರಾಳ. ಇದಕ್ಕೆ 45 ವ್ಯಾಟಿನ ಫ್ರಿಜ್ ಸೇರಿಸಿ ನೋಡಿ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ತಾಸು ಕಂಪ್ರೆಸರ್ ಓಡಿದರೂ 450. ಒಬ್ಬನ ಮೊಸರು ತಂಪಾಗಿಡಲು ಬ್ಯಾಟರಿ, ವೈರು, ಚಾರ್ಜರ್ ಎಲ್ಲ ದುಪ್ಪಟ್ಟಾಗಬೇಕು.

ಚಾರ್ಜಿಂಗಿಗೆ ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟು ಮಾಡುವ ಯಂತ್ರ) ರಿಲೇ ಹಾಕಿ ನೇರ ಕೊಡಬೇಡಿ. ಖಾಲಿ ಲಿಥಿಯಂ ಸಿಕ್ಕಷ್ಟು ಆಂಪಿಯರ್ ಎಳೆಯುತ್ತದೆ. ಸಣ್ಣ ಆಲ್ಟರ್ನೇಟರು ಟ್ರಾಫಿಕ್ಕಿನಲ್ಲಿ ಐಡಲ್ ಆಗಿ ನಿಂತಾಗ ಅದಕ್ಕೆ ತಂಪು ಗಾಳಿಯೂ ಕಡಿಮೆ, ಡಯೋಡು ಸುಡುತ್ತದೆ. ಗಾಡಿಯಿಂದ ಅಳೆದಷ್ಟೇ ಕರೆಂಟು ಬಿಡುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿ, ಇಗ್ನಿಷನ್ ಆನ್ ಆದಾಗ ಮಾತ್ರ ಏಳುವಂತೆ ಸಿಗ್ನಲ್ ವೈರು ಕೊಡಿ. ಅದು ತಾಸಿಗೆ ಸುಮಾರು 270 ವ್ಯಾಟ್-ಅವರ್ ತುಂಬುತ್ತದೆ. ಅಂದರೆ ಹುಬ್ಬಳ್ಳಿಯಿಂದ ಗದಗಿನವರೆಗಿನ ಅರವತ್ತು ಕಿ.ಮೀ. ಓಡಿಸಿದರೆ ಹಿಂದಿನ ರಾತ್ರಿಯ ಖರ್ಚು ವಾಪಸ್ ಬಂತು. ವೈರು 10 ಚದರ ಮಿ.ಮೀ. ಇರಲಿ. 4ರ ವೈರಿನಲ್ಲಿ ಎಳೆದು ಮೀಟರ್ ಇಟ್ಟಾಗ ನಾಲ್ಕು ಮೀಟರ್ ದೂರಕ್ಕೆ ಮುಕ್ಕಾಲು ವೋಲ್ಟು ಬಿದ್ದಿತ್ತು, ಚಾರ್ಜರ್ ಆಗಾಗ ನಿಂತುಹೋಗುತ್ತಿತ್ತು. 10ಕ್ಕೆ ಬದಲಿಸಿದ ಮೇಲೆ 0.3ಕ್ಕೆ ಇಳಿಯಿತು. ಗಾಡಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ 40 ಆಂಪಿಯರಿನ ಫ್ಯೂಜು, ಲಿಥಿಯಂ ಪಕ್ಕ 30ರದ್ದು. ಲಗ್ಗುಗಳನ್ನು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಪಕ್ಕಡದಿಂದ ಒತ್ತಬೇಡಿ, ಕ್ರಿಂಪಿಂಗ್ ಟೂಲ್ ಇರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ಅರ್ಥಿಂಗ್ ಬೋಲ್ಟಿನ ಕೆಳಗಿನ ಪೇಂಟು ಕೆರೆಯದೆ ಬಿಗಿದರೆ ಆರು ತಿಂಗಳಿಗೆ ಜಂಗು.

ಸೋಲಾರ್ ಹಾಕಿ ನೋಡಿದ್ದೂ ಆಯಿತು. 100 ವ್ಯಾಟಿನ ಪ್ಯಾನೆಲ್ ಮೇಲೆ ಕೂರಿಸಿದರೆ ಅದಕ್ಕೆ ಬಿಸಿಲು ಬೇಕು, ಒಳಗೆ ಕೂತವನಿಗೆ ನೆರಳು ಬೇಕು. ಬೇವಿನ ಮರದ ಕೆಳಗೆ ನಿಲ್ಲಿಸಿದ ದಿನ ಹೆಸರಿಗಷ್ಟೇ ಕರೆಂಟು. ದಿನಕ್ಕೆ ಒಂದು ತಾಸು ಗಾಡಿ ಓಡುವುದೇ ಆದರೆ ಅದು ಬೇಡ. ಪ್ಯಾನೆಲ್, ಕಂಟ್ರೋಲರ್, ಸ್ಟ್ಯಾಂಡು ಸೇರಿ ಆರೂವರೆ ಸಾವಿರ ಹೋಯಿತು. ಇನ್ವರ್ಟರ್‌ನದೂ ಅದೇ ಕಥೆ. ಇಂಡಕ್ಷನ್ ಒಲೆಗೆ 1,200 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ ನೂರು ಆಂಪಿಯರಿಗೂ ಮೇಲೆ. ಈ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟು, ಬಿಎಂಎಸ್, ತಕ್ಷಣ ಕರೆಂಟು ಕಡಿದುಬಿಡುತ್ತದೆ. ಐದು ಸಾವಿರದ ಇನ್ವರ್ಟರ್ ಅರ್ಧ ಬೆಲೆಗೆ ಮಾರಿಹೋಯಿತು.

ಮಂಚದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದು ಗಾಡಿಯ ಭಾಗವಾಗಬಾರದು, ಎತ್ತಿ ಇಳಿಸುವ ಸಾಮಾನಾಗಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಗಟ್ಟಿ ಮಾಡಿತು. ಸೀಟು ಕಿತ್ತು, ಬಾಡಿಗೆ ತೂತು ಹೊಡೆದು ಮಂಚ ಬೆಸೆದರೆ ನಾಳೆ ವಿಮೆ ಕ್ಲೇಮಿನಲ್ಲೂ ತೊಂದರೆ. ನನ್ನದು 12 ಮಿ.ಮೀ. ಪ್ಲೈವುಡ್ಡಿನ ಮೂರು ತುಂಡು, ಒಂದಿಂಚಿನ ಚೌಕ ಪೈಪಿನ ಕಾಲು, ಅಗಲ ಎರಡೂಕಾಲು ಅಡಿ. 18 ಮಿ.ಮೀ. ಹಾಕಿದರೆ ಒಂದೂವರೆ ಪಟ್ಟು ತೂಕ, ಒಬ್ಬನ ಭಾರಕ್ಕೆ ಅದು ಬೇಕಿಲ್ಲ. ಸೀಟನ್ನು ಜಾಗದಲ್ಲೇ ಇಟ್ಟು ಕಾಲು ಚಾಚುವಷ್ಟು ಉದ್ದ ಹೇಗೆ ತೆಗೆದೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಕೀಲಿನ ಉಪಾಯವಿದೆ, ಅದು ನನ್ನ ಮತ್ತು ಬಡಿಗನ ನಡುವೆಯೇ ಇರಲಿ. ಒಂದು ಮಾತ್ರ ನೆನಪಿಡಿ: ಇಕೋದ ಎಂಜಿನ್ನು ಮುಂದಿನ ಸೀಟಿನ ಕೆಳಗಿದೆ. ಆ ಸೀಟು ಎತ್ತಲಾಗದಂತೆ ಮಂಚ ಅಡ್ಡ ಬಂದರೆ ಆಯಿಲ್, ಕೂಲಂಟ್ ನೋಡಲು ದಿನಾ ಹಾಸಿಗೆ ಬಿಚ್ಚಬೇಕಾಗುತ್ತದೆ.

ಸೊಳ್ಳೆಪರದೆಗೆ ಅಂಟಿನ ವೆಲ್ಕ್ರೋ ನಡೆಯುವುದಿಲ್ಲ, ಬಿಸಿಲಿಗೆ ಅಂಟು ಕರಗಿ ಮೂರನೇ ದಿನ ಜೋಲುತ್ತದೆ. ಅಂಚಿನಲ್ಲಿ ಗೇಣಿಗೊಂದು ಸಣ್ಣ ಮ್ಯಾಗ್ನೆಟ್ ಹೊಲಿಸಿದರೆ ಬಾಗಿಲಿನ ತಗಡಿಗೆ ತಾನೇ ಕಚ್ಚಿಕೊಳ್ಳುತ್ತದೆ. ಗಾಜಿಗೆ ಶೆಡ್ಡಿನ ತಗಡಿನಡಿ ಹಾಕುವ ಗುಳ್ಳೆ ಫಾಯಿಲ್ಲನ್ನು ಒಂದು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಿ, ಸಕ್ಷನ್ ಕಪ್ಪು ಬೇಡ. ಮುಂದಿನ ಎರಡು ಗಾಜು ಎರಡು ಬೆರಳು ಇಳಿದಿರಲಿ, ಮೇಲೆ ರೇನ್ ವೈಸರ್ ಇರಲಿ. ಗದಗಿನ ಗಾಳಿ ಬಗ್ಗೆ ಅಲ್ಲಿನ ಗಾಳಿಯಂತ್ರಗಳೇ ಹೇಳುತ್ತವೆ. ಜೂನ್ ನಂತರ ಪಡುವಣ ಗಾಳಿ ಜೋರು, ಹಿಂಬಾಗಿಲು ಆ ಕಡೆ ಬಂದರೆ ಮಳೆ ಹಾಸಿಗೆಗೇ ಬೀಳುತ್ತದೆ. ಇಕೋಗೆ ಎರಡೂ ಕಡೆ ಜಾರುಬಾಗಿಲು ಇರುವುದು ಇಲ್ಲಿ ಉಪಯೋಗ, ಮೂಡಣ ಕಡೆಯದನ್ನು ತೆರೆಯಿರಿ.

ಊಟಕ್ಕೆ ನಮ್ಮ ಬುತ್ತಿಯೇ ಇರುವಾಗ ಫ್ರಿಜ್ ಯಾಕೆ? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇಡೀ ಸುತ್ತಿಗೆ ಕೆಡುವುದಿಲ್ಲ. ಮಧ್ಯಾಹ್ನ ಒಂದು ಹೊತ್ತು ಖಾನಾವಳಿ. ಮೊಸರು ಅಲ್ಲೇ ಸಿಗುತ್ತದೆ. ರಾತ್ರಿ ಬೇಳೆ-ಅನ್ನಕ್ಕೆ ಕೌದಿಯ ಪ್ರಯೋಗ ಮಾಡಿ ನೋಡಿ: ಅರ್ಧ ಬಟ್ಟಲು ತೊಗರಿಬೇಳೆಗೆ ಎರಡು ಸೀಟಿ ಹೊಡೆಸಿ, ಒಲೆ ಆರಿಸಿ, ಕುಕ್ಕರನ್ನು ಹಳೆ ಕೌದಿಯಲ್ಲಿ ಎರಡು ಸುತ್ತು ಸುತ್ತಿ ಮುಕ್ಕಾಲು ತಾಸು ಬಿಡಿ. ಬೇಳೆ ನುಣ್ಣಗೆ ಬೆಂದಿರುತ್ತದೆ, ಗ್ಯಾಸು ಅರ್ಧದಷ್ಟು ಉಳಿಯುತ್ತದೆ. ಒಲೆ ಯಾವಾಗಲೂ ಗಾಡಿಯ ಹೊರಗೆ. ಗಾಳಿಗೆ ತಗಡಿನ ಮರೆ ಕಟ್ಟುವಾಗ ಬ್ಯೂಟೇನ್ ಡಬ್ಬಿಯನ್ನು ಒಳಗೆ ಸೇರಿಸಬೇಡಿ, ಶಾಖಕ್ಕೆ ಡಬ್ಬಿ ಸಿಡಿಯಬಹುದು. ಹಗಲು ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೂ ಅದನ್ನು ಬಿಡಬೇಡಿ.

ನೀರು ದಿನಕ್ಕೆ 15 ಲೀಟರ್ ಸಾಕು. ದೊಡ್ಡ ಟ್ಯಾಂಕ್ ಬೇಡ, ತಿರುವಿನಲ್ಲಿ ನೀರು ತುಳುಕಿ ಗಾಡಿ ಓಲಾಡುತ್ತದೆ. 10 ಲೀಟರಿನ ನಾಲ್ಕು ಕ್ಯಾನು, ಹಿಂದಿನ ಆಕ್ಸಲ್‌ಗಿಂತ ಮುಂದೆ. ಗದಗ, ಮುಂಡರಗಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕುಡಿಯಲು ಮತ್ತು ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಲ್ಲೇ ತುಂಬಿಸಿ. ಕ್ಯಾನಿಗೆ ಒದ್ದೆ ಗೋಣಿ ಸುತ್ತಿದರೆ ಏಪ್ರಿಲ್‌ನ ಒಣ ಗಾಳಿಗೆ ನೀರು ಒಳ್ಳೇ ತಂಪು. ಜುಲೈನಲ್ಲಿ ಏನೂ ಆಗುವುದಿಲ್ಲ.

ಚಳಿಗಾಲದ ಸುತ್ತೇ ಬೇರೆ. ಆಗ ಎರಿ ಒಣಗಿರುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿ (ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿ) ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ, ಲಕ್ಷ್ಮೇಶ್ವರದ ಕಡೆ ಮಲಗಿದರೆ ಬೆಳಕು ಹರಿಯುವಾಗ ಕೆರೆ ದಂಡೆಯಲ್ಲಿರಬಹುದು. ಆದರೆ ಅದೇ ಕಾಲಕ್ಕೆ ರಸ್ತೆ ಮೇಲೆ ಹುರುಳಿ, ಜೋಳ ಒಕ್ಕಲು ಹಾಸಿರುತ್ತಾರೆ. ಒಣ ಬಳ್ಳಿ ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿಗೆ ಹುರಿಯಾಗಿ ಸುತ್ತಿಕೊಂಡು ಆಯಿಲ್ ಸೀಲ್ ತಿನ್ನುತ್ತದೆ, ಸೈಲೆನ್ಸರಿಗೆ ತಾಗಿದರೆ ಬೆಂಕಿ. ಹಾದುಹೋಗಲೇಬೇಕಾದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕುಡುಗೋಲಿನಿಂದ ಕೊಯ್ದು ತೆಗೆಯಿರಿ. ಕತ್ತಲಾದ ಮೇಲೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು. ಐದೂವರೆಯ ನಿಯಮ ಅದಕ್ಕೂ ಇದೆ. ತುರ್ತಿಗೆ 112, ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033.

ರೊಕ್ಕದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪ್ಲೈವುಡ್, ಪೈಪು, ಬಡಿಗನ ಕೂಲಿ ಎಂಟು ಸಾವಿರ. ಹಾಸಿಗೆ ಮೂರೂವರೆ. ಬ್ಯಾಟರಿ ಹದಿನೈದು, ಚಾರ್ಜರ್ ಒಂಬತ್ತು, ವೈರು-ಫ್ಯೂಜು-ಲಗ್ಗು ಮೂರು. ಫ್ಯಾನು, ದೀಪ ಎರಡು. ಪರದೆ, ಫಾಯಿಲ್ ಎರಡೂವರೆ. ಒಲೆ-ಪಾತ್ರೆ ಮೂರು. 46 ಸಾವಿರದ ಆಜೂಬಾಜು. ಇದೇ ಗಾಡಿಗೆ ಕಟ್ಟಿಕೊಡುವವರು ಮೂರು ಲಕ್ಷದ ಮೇಲೆ ಹೇಳಿದ್ದರು. ಐದು ರಾತ್ರಿಯ ಸುತ್ತಿಗೆ ಲೀಟರಿಗೆ ಹದಿನೈದರ ಲೆಕ್ಕದಲ್ಲಿ ಪೆಟ್ರೋಲ್ ಮೂರು ಸಾವಿರ, ಊಟ-ಚಹಾ ಎಲ್ಲ ಹಿಡಿದು ಐದರ ಒಳಗೆ ಮುಗಿಯುತ್ತದೆ.

ಮುಂದಿನದು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾ. ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಒದ್ದೆ ಗೋಣಿ ಕೆಲಸಕ್ಕೆ ಬಾರದು, ಫ್ಯಾನು ಎರಡು ಬೇಕು. ರಾತ್ರಿಗೆ 335 ವ್ಯಾಟ್-ಅವರ್, ಅಂದರೆ ಇದೇ ಬ್ಯಾಟರಿ ಒಂದೂವರೆ ರಾತ್ರಿಗೆ ಮಾತ್ರ. ದಿನಕ್ಕೆ ಒಂದೂಕಾಲು ತಾಸು ಓಡಿಸುವಂತೆ ರಾತ್ರಿಯ ಜಾಗಗಳನ್ನು ದೂರ ದೂರ ಗುರುತು ಹಾಕುತ್ತಿದ್ದೇನೆ.