ಸಿಡಿಲು ಹೊಡೆದ ಮೇಲೆ ಕೊಂಡ ಕಂಪ್ಯೂಟರ್

ಕಾಫಿಗೆ ಹೂಮಳೆ, ಅಂದರೆ ಹೂ ಅರಳಿಸುವ ಬೇಸಿಗೆಯ ಮಳೆ, ಬೇಕೇ ಬೇಕು, ಆದರೆ ಆ ಮಳೆ ಸಿಡಿಲನ್ನೂ ಜೊತೆಗೆ ಕರೆದುಕೊಂಡೇ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯ ಹತ್ತಿರ ಒಂದು ಸಿಡಿಲು ಬಡಿಯಿತು. ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ ಕಿತ್ತಿದ್ದೆ. ಟೆಲಿಫೋನಿನ ತಾಮ್ರದ ತಂತಿ ಮಾತ್ರ ನೆನಪಾಗಲಿಲ್ಲ. ಆ ತಂತಿಯಲ್ಲಿ ಬಂದದ್ದು ಮೋಡೆಮ್ ಸುಟ್ಟು, ಲ್ಯಾನ್ ಕೇಬಲ್ ಹಿಡಿದು ಮುಂದೆ ಹೋಗಿ ಡೆಸ್ಕ್‌ಟಾಪಿನ ಮದರ್‌ಬೋರ್ಡನ್ನೂ ಸುಟ್ಟಿತು. ಹಾರ್ಡ್ ಡಿಸ್ಕ್ ಉಳಿಯಿತು, ಅದರೊಳಗೆ ಹತ್ತು ವರ್ಷದ ತೋಟದ ಲೆಕ್ಕವಿತ್ತು.

ಅಂಗಡಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎಂದು ದೊಡ್ಡ ಪಟ್ಟಿಯನ್ನೇ ಕೊಟ್ಟರು. ನನ್ನ ಕೆಲಸ ಕೂಲಿಯ ಲೆಕ್ಕ, ಕನ್ನಡ ಟೈಪಿಂಗ್, ಬ್ಯಾಂಕಿನ ವ್ಯವಹಾರ, ಮಗಳ ಜೊತೆ ವಿಡಿಯೋ ಕರೆ, ಇಷ್ಟೇ. ಕೊನೆಗೆ ಕೊಂಡದ್ದು ಕಚೇರಿಯೊಂದರಿಂದ ಹೊರಬಂದ ಹಳೆಯ ಮಿನಿ ಪಿಸಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, 65 ವ್ಯಾಟ್ ಅಡಾಪ್ಟರ್. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಹಾಗಾಗಿ ಕಡಿಮೆ ವಿದ್ಯುತ್ ತಿನ್ನುವ ಯಂತ್ರವೇ ನನ್ನ ಮೊದಲ ಷರತ್ತಾಗಿತ್ತು. ಮನೆಯ ಇನ್ವರ್ಟರ್‌ನಲ್ಲೇ ಅದು ಸಂಜೆಯಿಡೀ ಓಡುತ್ತದೆ.

ಇನ್ವರ್ಟರ್ ಬಗ್ಗೆ ಒಂದು ಮಾತು. ಅದರ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಮೋಡ್ ಎಂದು. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು. ಯುಪಿಎಸ್ ಮೋಡ್‌ನಲ್ಲಿ ಬದಲಾವಣೆ ಬೇಗ ಆಗುತ್ತದೆ, ಆದರೆ ಲೈನಿನ ವೋಲ್ಟೇಜ್ ಇಳಿದರೆ ಅದು ಒಪ್ಪದೆ ಬ್ಯಾಟರಿಗೇ ಹೋಗುತ್ತದೆ. ನಮ್ಮಲ್ಲಿ ಮೋಟಾರು ಹಾಕುವ ಹೊತ್ತಿಗೆ ವೋಲ್ಟೇಜ್ ಬೀಳುವುದರಿಂದ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತಿತ್ತು. ಈಗ ಇನ್ವರ್ಟರನ್ನು ನಾರ್ಮಲ್‌ನಲ್ಲೇ ಬಿಟ್ಟಿದ್ದೇನೆ. ಕಂಪ್ಯೂಟರಿಗೆ ಮಾತ್ರ 600 ವಿಎಯ ಸಣ್ಣ ಯುಪಿಎಸ್ ಬೇರೆ ಇಟ್ಟಿದ್ದೇನೆ.

ಆ ಮಿನಿ ಪಿಸಿ ಅಗ್ಗಕ್ಕೆ ಸಿಕ್ಕಿದ್ದಕ್ಕೂ ಕಾರಣವಿತ್ತು. ಅದರದು ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಕೇಳುವುದು 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು. ವಿಂಡೋಸ್ 10ರ ಬೆಂಬಲ ಆ ವರ್ಷದ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಹಾಗಾಗಿ ವಿಂಡೋಸಿನ ಬದಲು ಬಳಸಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಎರಡು ದಿನ ಓಡಿಸಿ ನೋಡಿದೆ. ಪ್ರಿಂಟರ್, ವೈಫೈ, ಕ್ಯಾಮೆರಾ ಎಲ್ಲವೂ ನಡೆದವು. ಟ್ಯಾಲಿಯಲ್ಲಿ ಲೆಕ್ಕ ಇಡುವವರು ಈ ದಾರಿ ಹಿಡಿಯಬೇಡಿ, ಅದು ವಿಂಡೋಸಿಗೆ ಮಾಡಿದ್ದು. ಸ್ವಲ್ಪ ಹೆಚ್ಚು ಕೊಟ್ಟು 8ನೇ ತಲೆಮಾರಿನ ಯಂತ್ರವನ್ನೇ ತೆಗೆದುಕೊಳ್ಳಿ. ನನಗೆ ಎಕ್ಸೆಲ್‌ನಂತೆ ಲೆಕ್ಕ ಇಡುವ ಲಿಬ್ರೆಆಫೀಸ್‌ನ ಕ್ಯಾಲ್ಕ್ ಸಾಕಾಯಿತು.

ಕನ್ನಡಕ್ಕೇನು ಮಾಡುವುದೆಂಬ ಅಳುಕಿತ್ತು. ಕೆ.ಪಿ. ರಾವ್ ರೂಪಿಸಿದ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ನಾನು ಕಲಿತ ಕೀಲಿಮಣೆ ವಿನ್ಯಾಸ ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲಿ ಮೊದಲೇ ಇತ್ತು. ಒತ್ತಕ್ಷರಕ್ಕೆ ಬೆರಳು ತಾನಾಗಿ ಎಫ್ ಕೀಗೆ ಹೋದಾಗ ಆದ ನೆಮ್ಮದಿ ದೊಡ್ಡದು. ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಂದೊಂದನ್ನೂ ಓದಿ ತಿದ್ದಿಕೊಂಡೆ.

ಕಿರುಬೆರಳಿನ ನೋವಿಗೆ ಕಾರಣ ಗೊತ್ತಾದದ್ದೂ ಆಗಲೇ. ಈ ವಿನ್ಯಾಸದಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕು. ಣ, ಳ ಬರೆಯಲೂ ಅದೇ. ‘ಕಾಳುಮೆಣಸು’ ಎಂಬ ಒಂದು ಪದಕ್ಕೆ ಮೂರು ಸಲ ಶಿಫ್ಟ್ ಒತ್ತಬೇಕು. ಇಂಗ್ಲಿಷ್ ಹೊಡೆಯುವವರಿಗೆ ಈ ಕಷ್ಟ ಇಷ್ಟಿಲ್ಲ. ಈಗ ಸ್ಟಿಕಿ ಕೀಸ್ ಆನ್ ಮಾಡಿಟ್ಟಿದ್ದೇನೆ. ಶಿಫ್ಟ್ ಒಮ್ಮೆ ತಟ್ಟಿ ಬಿಟ್ಟರೆ ಸಾಕು, ಹಿಡಿದುಕೊಳ್ಳಬೇಕಿಲ್ಲ. ಮೂರು ವಾರದಲ್ಲಿ ನೋವು ಇಳಿಯಿತು. ಕೀಬೋರ್ಡನ್ನೂ ತೆಳ್ಳಗಿನದು ಕೊಂಡೆ, ಮಣಿಕಟ್ಟು ಮೇಲಕ್ಕೆ ಬಾಗದ ಹಾಗೆ.

24 ಇಂಚಿನ ಮಾನಿಟರ್ ಇಡುವಲ್ಲಿ ತಪ್ಪು ಮಾಡಿದೆ. ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕೆಂದು ಎಲ್ಲರೂ ಹೇಳುತ್ತಾರೆ, ಹಾಗೇ ಇಟ್ಟೆ. ನನ್ನದು ಬೈಫೋಕಲ್ ಕನ್ನಡಕ. ಹತ್ತಿರದ್ದನ್ನು ನೋಡಲು ಕೆಳಗಿನ ಗಾಜಿನಿಂದ ನೋಡಬೇಕು, ಅದಕ್ಕೆ ಗಲ್ಲ ಎತ್ತಿ ಎತ್ತಿ ಕತ್ತು ಹಿಡಿಯಿತು. ನಾಲ್ಕು ಬೆರಳು ಕೆಳಗಿಳಿಸಿದ ಮೇಲೆಯೇ ಸರಿಹೋದದ್ದು.

ಕುರ್ಚಿಗೆ ರೆಕ್ಸಿನ್ ಬೇಡವೇ ಬೇಡ. ನಮ್ಮ ತೇವಕ್ಕೆ ಅದು ಬೂಷ್ಟು ಹಿಡಿದು, ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಬಲೆಯ ಬೆನ್ನಿನ ಕುರ್ಚಿ ತಂದೆ. ಅದರಲ್ಲಿ ಕುಳಿತಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಅದನ್ನು ಅಂಗಡಿಯಲ್ಲೇ ಕುಳಿತು ನೋಡಿದೆ. ಯಂತ್ರಕ್ಕಿಂತ ಈ ಕುರ್ಚಿಗೇ ಹೆಚ್ಚು ಹಣ ಹೋಯಿತು, ಆ ಬಗ್ಗೆ ನನಗೆ ಬೇಸರವಿಲ್ಲ.

ಜಡಿಮಳೆಯ ಕಕ್ಕಡದ ತಿಂಗಳಲ್ಲಿ ಕೆಲಸವಿರಲಿ, ಇಲ್ಲದಿರಲಿ, ದಿನಾ ಒಂದು ಗಂಟೆ ಕಂಪ್ಯೂಟರ್ ಹಾಕಿಡುತ್ತೇನೆ. ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ತೋಟದ ಲೆಕ್ಕದ ನಕಲು ಇನ್ನೊಂದು ಡಿಸ್ಕ್‌ನಲ್ಲಿದೆ, ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಹಾಕುವುದು.

ಮನೆಗೆ ಈಗ ಫೈಬರ್ ಇಂಟರ್ನೆಟ್ ಬಂದಿದೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಅದರ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿಗೇ ಸಿಕ್ಕಿಸಿದೆ. ಹಾಗಾಗಿ ದೂರದಲ್ಲಿ ಗುಡುಗಿದರೂ ಯುಪಿಎಸ್‌ನದು, ಆ ಪೆಟ್ಟಿಗೆಯದು, ಎರಡೂ ಪ್ಲಗ್ ಗೋಡೆಯಿಂದ ಹೊರಗೆ.