ಅತ್ತೆಗೆ ಯೂರಿನ್ ಇನ್ಫೆಕ್ಷನ್ನಾ? ರಿಪೋರ್ಟ್ ನೋಡೋಕೆ ಮುಂಚೆ ಅವರನ್ನ ನೋಡಿ

ನಮ್ಮತ್ತೆಗೆ 82. ಹೋದ ಬೇಸಿಗೇಲಿ ಒಂದಿನ ಬೆಳಗ್ಗೆ ಎದ್ದವರೇ ನನ್ನನ್ನ ಅವರ ತಂಗಿ ಹೆಸರು ಹಿಡಿದು ಕರೆದ್ರು, ಕಾಫಿ ಕುಡಿದು ಲೋಟ ಕೆಳಗಿಟ್ಟ ಐದು ನಿಮಿಷಕ್ಕೇ ಇನ್ನೂ ಕಾಫಿ ಕೊಟ್ಟಿಲ್ಲ ಅಂತ ಸಿಟ್ಟಾದ್ರು. ಗಾಬರಿಯಾಗಿ ಯೂರಿನ್ ಟೆಸ್ಟ್ ಮಾಡಿಸಿದ್ವಿ, ಪಸ್ ಸೆಲ್ಸ್ (ಕೀವಿನ ಕಣ) 8ರಿಂದ 10, ಬ್ಯಾಕ್ಟೀರಿಯಾ ಇದೆ ಅಂತ ಬಂತು, ಐದು ದಿನ ಆಂಟಿಬಯಾಟಿಕ್ ನುಂಗಿಸಿದ್ವಿ. ಮರೆವು ಹಾಗೇ ಇತ್ತು, ಮೇಲೆ ಭೇದಿ ಬೇರೆ ಶುರುವಾಯ್ತು. ಇನ್ನೊಬ್ಬ ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿದ ಮೇಲೇ ಗೊತ್ತಾಗಿದ್ದು, ಸೋಡಿಯಂ ಇಳಿದು ಹೋಗಿತ್ತು, ಬಿಪಿಗೆ ಅಂತ ಹೊಸದಾಗಿ ಸೇರಿಸಿದ್ದ ಮಾತ್ರೆ ಅದಕ್ಕೆ ಕಾರಣ.

ಆಗ ನನಗೆ ಗೊತ್ತಿರದೇ ಇದ್ದಿದ್ದು ಒಂದೇ ವಿಷಯ. ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಏನೂ ತೊಂದರೆ ಕೊಡದೆ ಸುಮ್ನೆ ಇರಬಹುದು. 80 ದಾಟಿದ ಹೆಂಗಸರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಇರುತ್ತೆ, ವೃದ್ಧಾಶ್ರಮದಲ್ಲಿ ಇರೋರಲ್ಲಿ ಇನ್ನೂ ಜಾಸ್ತಿ, ತಿಂಗಳುಗಟ್ಟಲೆ ಕ್ಯಾಥೆಟರ್ (ಮೂತ್ರ ಹೊರಗೆ ಬರೋಕೆ ಹಾಕೋ ನಳಿಕೆ) ಹಾಕಿಸ್ಕೊಂಡೋರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ. ಅದು ಕಾಯಿಲೆ ಅಲ್ಲ, ಮೂತ್ರಕೋಶಕ್ಕೆ ಸಂಬಂಧಪಟ್ಟ ಕೆಲವು ಆಪರೇಷನ್ ಮುಂಚೆ ಬಿಟ್ರೆ ಅದಕ್ಕೆ ಮಾತ್ರೆ ಬೇಕಾಗಲ್ಲ.

ಹಾಗಾಗಿ ಮೊದಲ ಕೆಲಸ, ಕೇಳೋದು. ಒಂದಕ್ಕೆ ಹೋಗುವಾಗ ಉರಿ, ಪದೇ ಪದೇ ಹೋಗಬೇಕು ಅನ್ಸೋದು, ತಡೆಯೋಕೇ ಆಗದಿರೋದು, ಕಿಬ್ಬೊಟ್ಟೆ ನೋವು, ಮೂತ್ರದಲ್ಲಿ ರಕ್ತ, ಇವು *ಹೊಸದಾಗಿ* ಶುರುವಾಗಿದ್ಯಾ ಅಂತ. ಹೊಸದಾಗಿ ಅನ್ನೋದು ಮುಖ್ಯ, ಯಾಕಂದ್ರೆ ರಾತ್ರಿ ನಾಲ್ಕು ಸಲ ಏಳೋದು ಎಷ್ಟೋ ಹಿರಿಯರಿಗೆ ಹತ್ತು ವರ್ಷದ ಅಭ್ಯಾಸ, ಗಂಡಸರಾದ್ರೆ ಪ್ರಾಸ್ಟೇಟ್ ಕತೆ. ನೇರ ಕೇಳಿದ್ರೆ ಹೇಳಲ್ಲ, ಮಗನ ಮುಂದಂತೂ ಬಾಯೇ ಬಿಡಲ್ಲ. ನಮ್ಮತ್ತೆ "ಏನಿಲ್ಲಮ್ಮ, ಸ್ವಲ್ಪ ಉಷ್ಣ ಆಗಿದೆ ಅಷ್ಟೆ" ಅಂತ ಹೊಕ್ಕಳಿಗೆ ಹರಳೆಣ್ಣೆ ಹಚ್ಕೊಂಡು ಮಲಗೋ ಪೈಕಿ. ಒಂದಿನ ಎಷ್ಟು ಸಲ ಹೋದ್ರು, ಹೋಗುವಾಗ ಮುಖ ಕಿವುಚಿದ್ರಾ ಅಂತ ಕ್ಯಾಲೆಂಡರ್ ಮೇಲೇ ಬರೆದಿಡಿ. ವಾಸನೆ, ಬಣ್ಣ ಇಷ್ಟನ್ನೇ ನೋಡಿ ಇನ್ಫೆಕ್ಷನ್ ಅನ್ನಬೇಡಿ, ನೀರು ಕಮ್ಮಿ ಕುಡಿದ್ರೂ ನಾರುತ್ತೆ, ಬಿ ಕಾಂಪ್ಲೆಕ್ಸ್ ನುಂಗಿದ್ರೂ ಹಳದಿ ಆಗುತ್ತೆ.

ಆಮೇಲೆ ಜ್ವರ. ವಯಸ್ಸಾದವರಿಗೆ ಮೈ ಸುಡೋ ಜ್ವರ ಬರದೇ ಇರಬಹುದು, 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ, ಇಲ್ಲಾ ಅವರ ಮಾಮೂಲಿಗಿಂತ ಎರಡು ಡಿಗ್ರಿ ಏರಿದ್ರೆ ಜ್ವರ ಅಂತಲೇ ಲೆಕ್ಕ. ಗಡಗಡ ನಡುಕ, ಪಕ್ಕೆ ನೋವು, ಏದುಸಿರು, ಬಿಪಿ ಇಳಿಯೋದು, ಎಬ್ಬಿಸಿದ್ರೂ ಏಳದಷ್ಟು ಮಂಪರು, ಇದ್ಯಾವುದಾದ್ರೂ ಕಂಡ್ರೆ ಮುಂದೆ ಓದ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಬರೀ ಗೊಂದಲ ಇದೆ, ಉರಿ ಇಲ್ಲ ಜ್ವರ ಇಲ್ಲ ಅಂದ್ರೆ? ಇಲ್ಲೇ ಎಲ್ಲರೂ ಎಡವೋದು. ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರಲ್ಲಿ ಹೇಳಿದ್ದು, ಇಂಥವರಿಗೆ ತಕ್ಷಣ ಆಂಟಿಬಯಾಟಿಕ್ ಕೊಡೋ ಬದಲು ಬೇರೆ ಕಾರಣ ಹುಡುಕಿ, ಕಣ್ಣಿಟ್ಟಿರಿ ಅಂತ. ಮಲಬದ್ಧತೆ, ನೀರು ಕುಡಿಯದಿರೋದು, ಹೊಸ ಮಾತ್ರೆ, ಶುಗರ್ ಇಳಿಯೋದು, ಸೋಡಿಯಂ, ನ್ಯುಮೋನಿಯಾ, ಹೀಗೆ. ಗೊಂದಲ ದಿಢೀರ್ ಬಂದಿದ್ರೆ ಡಾಕ್ಟ್ರಿಗೆ ತೋರಿಸಲೇಬೇಕು, ಯೂರಿನ್ ಟೆಸ್ಟ್ ಒಂದಕ್ಕೇ ನಿಲ್ಲಬೇಡಿ ಅಂತಷ್ಟೇ ನಾನು ಹೇಳ್ತಿರೋದು.

ಲಕ್ಷಣ ಇದೆ ಅಂತಾದ್ರೆ ಸ್ಯಾಂಪಲ್. ಆಂಟಿಬಯಾಟಿಕ್‌ನ ಮೊದಲ ಮಾತ್ರೆಗೂ ಮುಂಚೆ ಹಿಡಿಯಬೇಕು. ನಾವು ಮೊದಲನೇ ಸಲ ತೊಳೆದಿಟ್ಟ ಟಾನಿಕ್ ಬಾಟ್ಲಿಲಿ ಹಿಡಿದು, ಸ್ಕೂಟರ್ ಡಿಕ್ಕಿಲಿಟ್ಟು, ದಾರೀಲಿ ತರಕಾರಿನೂ ತಗೊಂಡು ಲ್ಯಾಬಿಗೆ ಹೋದ್ವಿ, ಆ ಬಿಸಿಲಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಇನ್ನೇನು. ಲ್ಯಾಬಿನವರ ಸ್ಟೆರೈಲ್ ಡಬ್ಬಿನೇ ಕೇಳಿ ತನ್ನಿ. ಕೈ ತೊಳೆದು, ಆ ಜಾಗಾನ ಬರೀ ನೀರಲ್ಲಿ ಮುಂದಿನಿಂದ ಹಿಂದಕ್ಕೆ ಒರೆಸಿ, ಮೊದಲು ಬರೋದನ್ನ ಬಿಟ್ಟು ಮಧ್ಯದ್ದನ್ನ ಹಿಡೀಬೇಕು, ಡಬ್ಬಿ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ಬಗ್ಗೋಕಾಗದವರಿಗೆ ಕಮೋಡ್ ಮೇಲೆ ಕೂರಿಸಿ ನೀವೇ ಹಿಡಿಯಿರಿ, ಮುಜುಗರ ಎರಡು ನಿಮಿಷ. ಎರಡು ಗಂಟೆ ಒಳಗೆ ತಲುಪಿಸಿ, ಆಗಲ್ಲ ಅಂದ್ರೆ ಫ್ರಿಜ್‌ನಲ್ಲಿಡಿ. ಡಯಾಪರ್ ಹಿಂಡಿದ್ದು, ಕ್ಯಾಥೆಟರ್ ಚೀಲದಿಂದ ಬಗ್ಗಿಸಿದ್ದು ಬೇಡ. ಕ್ಯಾಥೆಟರ್ ಹಾಕಿ ಎರಡು ವಾರ ದಾಟಿದ್ರೆ ಅದನ್ನ ಬದಲಾಯಿಸಿ ಹೊಸದರಿಂದ ತೆಗೀತಾರೆ.

ಈಗ ರಿಪೋರ್ಟ್. ಸ್ಟ್ರಿಪ್ ಟೆಸ್ಟ್ (ಮೂತ್ರದಲ್ಲಿ ಪಟ್ಟಿ ಅದ್ದಿ ಬಣ್ಣ ನೋಡೋದು) ಪಾಸಿಟಿವ್ ಬಂದ ಮಾತ್ರಕ್ಕೆ ಏನೂ ಸಾಬೀತಾಗಲ್ಲ, ಇಂಗ್ಲೆಂಡಲ್ಲಿ 65 ದಾಟಿದವರಿಗೆ ಸ್ಟ್ರಿಪ್ ನೋಡಿ ತೀರ್ಮಾನ ಮಾಡಲೇಬೇಡಿ ಅಂತ ಡಾಕ್ಟರುಗಳಿಗೆ ಸೂಚನೆ ಇದೆ. ಪಸ್ ಸೆಲ್ಸ್ ಜೊತೆ ಎಪಿಥೀಲಿಯಲ್ ಸೆಲ್ಸ್ (ಚರ್ಮದ ಮೇಲ್ಪದರದಿಂದ ಉದುರೋ ಕಣ) ರಾಶಿ ಇದ್ರೆ ಹಿಡಿದಿದ್ದೇ ಸರಿಯಾಗಿಲ್ಲ ಅಂತ ಅನುಮಾನ ಪಡಿ. ಕಲ್ಚರ್‌ಗೆ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ) ಒಂದೆರಡು ದಿನ ಬೇಕು. ಒಂದೇ ಜಾತಿ ಬ್ಯಾಕ್ಟೀರಿಯಾ, ಹೆಚ್ಚಾಗಿ ಇ-ಕೋಲೈ, ಒಂದು ಎಂಎಲ್‌ಗೆ 1 ಲಕ್ಷಕ್ಕೂ ಮೇಲೆ, ಜೊತೆಗೆ ಲಕ್ಷಣಾನೂ ಇದೆ ಅಂದ್ರೆ ಅದು ಯುಟಿಐ, ಅಂದ್ರೆ ಯೂರಿನ್ ಇನ್ಫೆಕ್ಷನ್. ಮೂರ್ನಾಲ್ಕು ಜಾತಿ ಒಟ್ಟಿಗೆ ಬೆಳೆದಿದ್ರೆ ಸಾಮಾನ್ಯವಾಗಿ ಸ್ಯಾಂಪಲ್ ಕೆಟ್ಟಿದೆ, ಇನ್ನೊಂದ್ಸಲ ಕೊಡಿ. ಕೆಳಗಿರೋ ಉದ್ದ ಪಟ್ಟೀಲಿ ಯಾವ ಔಷಧಿ ಕೆಲಸ ಮಾಡುತ್ತೆ, ಯಾವುದು ಮಾಡಲ್ಲ ಅಂತ ಇರುತ್ತೆ, ಅದನ್ನ ನೋಡಿ ನೀವೇ ಮೆಡಿಕಲ್ ಶಾಪಿಗೆ ಓಡಬೇಡಿ, ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ನೋಡದೆ ನೈಟ್ರೋಫ್ಯುರಾಂಟೋಯಿನ್ ಥರದ ಆಂಟಿಬಯಾಟಿಕ್ ಅನ್ನ ಹಿರಿಯರಿಗೆ ಕೊಡೋ ಹಾಗಿಲ್ಲ.

ಮಾತ್ರೆ ಶುರುವಾಗಿ ಎರಡು ದಿನಕ್ಕೂ ಉರಿ ಇಳಿದಿಲ್ಲ ಅಂದ್ರೆ ಕಲ್ಚರ್ ರಿಪೋರ್ಟ್ ಹಿಡ್ಕೊಂಡು ಡಾಕ್ಟ್ರ ಹತ್ರ ವಾಪಸ್ ಹೋಗಿ. ಉರಿ ಹೋಗಿ ಅವರು ಆರಾಮಾಗಿದ್ರೆ, "ಕ್ಲಿಯರ್ ಆಯ್ತಾ ನೋಡೋಣ" ಅಂತ ಇನ್ನೊಂದ್ಸಲ ಡಬ್ಬಿ ತರಬೇಡಿ.